ಬಟ್ಟಲಲ್ಲಿ ಹತ್ತು ಹುಣಸೆ ಬೀಜ

ಮೈಸೂರಿನ ಸರಸ್ವತಿಪುರಂನಲ್ಲಿ ನಮ್ಮ ಮನೆ. ಭಾನುವಾರ ಮಧ್ಯಾಹ್ನ ಊಟ ಮುಗಿಸಿ ಐದು ಜನ ರೋಲ್ ಪ್ಲೇಯಿಂಗ್ ಗೇಮ್‌ಗೆ ಕೂರುತ್ತೇವೆ. ಕಥೆ ನಡೆಸುವ ಗೇಮ್ ಮಾಸ್ಟರ್ ನಾನು, ಉಳಿದವರು ಆ ಕಥೆಯೊಳಗೆ ಒಂದೊಂದು ಪಾತ್ರವಾಗಿ ಏನು ಮಾಡಬೇಕು ಅಂತ ತೀರ್ಮಾನಿಸುತ್ತಾರೆ.

ಮೊದಲು ಪಾತ್ರಗಳ ಸಾಮಾನು, ಊಟದ ಲೆಕ್ಕಕ್ಕೆ ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್ ಅನ್ನೋ ಇಂಥದ್ದೇ ಆಟದ ಐದನೇ ಆವೃತ್ತಿಯ ನಿಯಮವನ್ನು ಒಂದೂ ಬಿಡದೆ ಪಾಲಿಸಿದೆ. ಪಾತ್ರದ ಬಲದ ಅಂಕಿಯ 15 ಪಟ್ಟು ಪೌಂಡ್ ತೂಕ ಹೊರಬಹುದು. ಒಂದು ಪಂಜು 1 ಗಂಟೆ ಉರಿಯುತ್ತದೆ. ಒಂದು ದಿನದ ಬುತ್ತಿ 2 ಪೌಂಡ್. ಎಲ್ಲವನ್ನೂ ಶೀಟ್‌ನಲ್ಲಿ ಬರೆದು, ಅಳಿಸಿ, ಮತ್ತೆ ಬರೆದು ಸಾಕಾಯಿತು. ಕಥೆಗೆ ಸಮಯವೇ ಉಳಿಯಲಿಲ್ಲ. ಸರಿ ಅಂತ ಲೆಕ್ಕ ಬಿಟ್ಟೆ. ಆಮೇಲೆ ಕಾಡಲ್ಲಿ ಮೂರು ದಿನ ದಾರಿ ತಪ್ಪಿದರೂ ಯಾರಿಗೂ ಭಯವಿಲ್ಲ. "ಬುತ್ತಿ ಇದ್ದೇ ಇರುತ್ತೆ ಬಿಡೋ" ಅಂದ ಗೆಳೆಯ. ಅವನು ಹೇಳಿದ್ದು ನಿಜ ಅಲ್ವಾ?

ನನಗೆ ದಾರಿ ಸಿಕ್ಕಿದ್ದು ಶ್ರೀರಂಗಪಟ್ಟಣದ ಚರಿತ್ರೆಯಲ್ಲಿ. 1791ರ ಮೇ ತಿಂಗಳಲ್ಲಿ ಬ್ರಿಟಿಷ್ ಸೇನಾಪತಿ ಕಾರ್ನ್‌ವಾಲಿಸ್ ಅರಕೆರೆ ಹತ್ತಿರ ಟಿಪ್ಪುವಿನ ಸೇನೆಯನ್ನು ಹಿಮ್ಮೆಟ್ಟಿಸಿದ. ಆದರೂ ಕೋಟೆ ಸಿಗಲಿಲ್ಲ. ಮಳೆ ಹಿಡಿಯಿತು, ಕಾವೇರಿ ತುಂಬಿತು. ಧಾನ್ಯ, ಮೇವು ಎರಡಕ್ಕೂ ಬರ. ಫಿರಂಗಿ ಎಳೆಯುವ ಎತ್ತುಗಳು ಸಾಲುಸಾಲಾಗಿ ಸತ್ತವು. ಕೋಟೆ ಒಡೆಯಲು ತಂದ ದೊಡ್ಡ ಫಿರಂಗಿಗಳನ್ನು ತಾನೇ ಹಾಳುಮಾಡಿ ಬೆಂಗಳೂರಿನ ಕಡೆ ವಾಪಸ್ ಹೊರಟ. ಆ ಸಲದ ದಂಡಯಾತ್ರೆಯನ್ನು ತಿರುಗಿಸಿದ್ದು ಹುಲ್ಲು ಮತ್ತು ಎತ್ತು!

ಅದನ್ನೇ ಆಟ ಮಾಡಿದೆ. ಅದೇ ಮೇ ತಿಂಗಳು. ಆಟಗಾರರು ಅರಕೆರೆ ಕಡೆಯ ಗಾಡಿಯವರು. ಎರಡೂ ಸೇನೆಯ ಕಣ್ಣು ತಪ್ಪಿಸಿ, ಊರಿನ ರಾಗಿಯನ್ನು ಸುತ್ತುದಾರಿಯಲ್ಲಿ ನಾಗಮಂಗಲದ ಕಡೆ ಸಾಗಿಸಬೇಕು. ಹಗ್ಗ, ಎಣ್ಣೆ, ಕುಡುಗೋಲು ಇವನ್ನು ಎಣಿಸುವುದಿಲ್ಲ, ಇದೆ ಅಂದರೆ ಇದೆ. ಎಣಿಸುವುದು ಎರಡೇ: ದಾರಿಯ ಊಟ, ಎತ್ತಿನ ಕಸುವು.

ಊಟಕ್ಕೆ ಬಟ್ಟಲಲ್ಲಿ ಹತ್ತು ಹುಣಸೆ ಬೀಜ. ಒಂದು ಬೀಜ ಅಂದರೆ ಎಲ್ಲರಿಗೂ ಒಂದು ದಿನದ ಮುದ್ದೆ. ಎತ್ತಿಗೆ ಆರು ಮುಖದ ದಾಳ. ಕಷ್ಟದ ದಾರಿ ಬಂದಾಗೆಲ್ಲ ಉರುಳಿಸಬೇಕು. 1 ಅಥವಾ 2 ಬಿದ್ದರೆ ನಾಲ್ಕು ಮುಖದ ದಾಳಕ್ಕೆ ಇಳಿಯುತ್ತೇವೆ. ಅದರಲ್ಲೂ 1 ಅಥವಾ 2 ಬಿದ್ದರೆ ಎತ್ತು ಮಲಗಿತು.

ಇನ್ನೊಂದು ನಿಯಮ ನನಗೆ ತುಂಬಾ ಇಷ್ಟ. ಬೀಜ ತೆಗೆಯುವವರು ಆ ರಾತ್ರಿಯ ಒಂದು ಮಾತು ಹೇಳಬೇಕು. ಯಾರು ಒಲೆ ಹಚ್ಚಿದರು, ಯಾರ ತಟ್ಟೆಗೆ ಕಡಿಮೆ ಬಿತ್ತು, ಯಾರು ಹಸಿವಿಲ್ಲ ಅಂತ ಸುಳ್ಳು ಹೇಳಿದರು. ಲೆಕ್ಕ ಬರೆಯುವ ಹೊತ್ತಲ್ಲೇ ಕಥೆ ಮುಂದೆ ಹೋಗುತ್ತದೆ.

ಮೂರನೇ ಭಾನುವಾರ ನಾಲ್ಕು ಬೀಜ ಉಳಿದಿತ್ತು. ದಾರಿಬದಿಯಲ್ಲಿ ಒಬ್ಬ ಅಜ್ಜಿ, ಇಬ್ಬರು ಮೊಮ್ಮಕ್ಕಳನ್ನು ಕೂರಿಸಿದೆ. ಕರೆದುಕೊಂಡರೆ ದಿನಕ್ಕೆ ಎರಡು ಬೀಜ. ಮುಕ್ಕಾಲು ಗಂಟೆ ಯಾರೂ ದಾಳ ಮುಟ್ಟಲಿಲ್ಲ, ಬರೀ ವಾದ. ಊರಿನ ರಾಗಿಗೆ ಕೈಹಾಕೋಣ ಅಂದರೆ ಒಬ್ಬಳು ಒಪ್ಪಲೇ ಇಲ್ಲ. ಕೊನೆಗೆ ಕಾಳು ಕಾಳು ಎಣಿಸುವ ಜಿಪುಣನ ಪಾತ್ರದವನು ಬಟ್ಟಲಿಗೆ ಕೈ ಹಾಕಿ ಎರಡು ಬೀಜ ತೆಗೆದ.

"ಅಜ್ಜಿ, ಗಾಡಿ ಹತ್ತಿ" ಅಂದ.

ಅವತ್ತು ಅಲ್ಲಿಗೆ ನಿಲ್ಲಿಸಿದೆವು. ನಾಗಮಂಗಲ ಇನ್ನೂ ಎರಡು ದಿನದ ದಾರಿ. ಬಟ್ಟಲಲ್ಲಿ ಎರಡೇ ಬೀಜ.