ಮಂದಗಾಮಿಗಳ ಕಡತ ಓದಿದ್ದು

ಮಂದಗಾಮಿಗಳು, ತೀವ್ರಗಾಮಿಗಳು. ಹೈಸ್ಕೂಲಿನ ಇತಿಹಾಸ ಪಾಠದ ಈ ಜೋಡಿ ತಲೆಯಲ್ಲಿ ಎಷ್ಟು ಗಟ್ಟಿಯಾಗಿ ಕುಳಿತಿತ್ತೆಂದರೆ, ಬೆಲ್‌ಫಾಸ್ಟಿನಲ್ಲಿ ಓದುವಾಗ ನನ್ನ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ‘ಉತ್ತರ ಐರ್ಲೆಂಡಿನ ಮಂದಗಾಮಿಗಳು’ ಎಂದೇ ಬರೆದುಕೊಂಡೆ. ವಿಷಯ, ನ್ಯೂ ಅಲ್‌ಸ್ಟರ್ ಮೂವ್‌ಮೆಂಟ್. ಪ್ರೊಟೆಸ್ಟೆಂಟ್–ಕ್ಯಾಥೊಲಿಕ್ ಹಗೆ ಬೀದಿಗಿಳಿಯುತ್ತಿದ್ದ 1969ರ ಆರಂಭದಲ್ಲಿ, ಪಂಥಭೇದವಿಲ್ಲದ ರಾಜಕಾರಣ ಬೇಕೆಂದು ಹುಟ್ಟಿಕೊಂಡ ಸಂಘಟನೆ ಅದು.

ಮೊದಲು ಹೋದದ್ದು ಟೈಟಾನಿಕ್ ಕ್ವಾರ್ಟರಿನ ಸರ್ಕಾರಿ ದಾಖಲೆಗಳ ಕಚೇರಿಗೆ. ಚೀಲ ಲಾಕರಿಗೆ, ಪೆನ್ನೂ ಲಾಕರಿಗೆ. ಒಳಗೆ ಪೆನ್ಸಿಲ್ ಮಾತ್ರ. ಬಾಂಬು, ಬಂದೂಕಿನ ಕಾಲದ ಕಾಗದವೆಂದು ಎದೆ ಬಡಿದುಕೊಳ್ಳುತ್ತ ಕುಳಿತವನಿಗೆ ಸಿಕ್ಕಿದ್ದು ಸಭೆಯ ನಡಾವಳಿ ಮತ್ತು ಪತ್ರವ್ಯವಹಾರ. ಆಕಳಿಕೆ ಬಂತು ಎಂದು ಒಪ್ಪಿಕೊಳ್ಳಲು ನಾಚಿಕೆಯಿಲ್ಲ. ಶಾಂತಿ ಬೇಕೆನ್ನುವವರ ಕಡತ ಬಹುಮಟ್ಟಿಗೆ ನಮ್ಮ ಸಹಕಾರಿ ಸಂಘದ ಕಡತದಂತೆಯೇ ಇರುತ್ತದೆ. ಆ ವಾರ ಇನ್ನೊಂದು ಪೆದ್ದತನವನ್ನೂ ಮಾಡಿದೆ: ಕಡತ ಸಂಖ್ಯೆ ಬರೆದಿಟ್ಟುಕೊಳ್ಳದೆ ಟಿಪ್ಪಣಿ ಮಾಡಿದೆ. ಯಾವ ಮಾತು ಯಾವ ಕಾಗದದ್ದೆಂದು ತಿಳಿಯದ ಹದಿನೆಂಟು ಪುಟಗಳು ಇಂದಿಗೂ ನನ್ನ ಬಳಿ ಇವೆ, ಯಾವ ಉಪಯೋಗಕ್ಕೂ ಬಾರದಂತೆ.

ಹುಡುಕುವುದೂ ಸುಲಭವಿರಲಿಲ್ಲ. ಒಂದೇ ಊರು ಒಬ್ಬರಿಗೆ ಡೆರಿ, ಇನ್ನೊಬ್ಬರಿಗೆ ಲಂಡನ್‌ಡೆರಿ. ಒಂದೇ ನಾಡು ಕೆಲವರಿಗೆ ಅಲ್‌ಸ್ಟರ್, ಕೆಲವರಿಗೆ ‘ಆರು ಕೌಂಟಿಗಳು’. ಬೆಳಗಾವಿ–ಬೆಳಗಾಂವ್ ತಕರಾರು ಕೇಳಿ ಬೆಳೆದವನಿಗೆ ಇದು ಬೇಗ ಹೊಳೆಯಬೇಕಿತ್ತು. ಎಲ್ಲ ಹೆಸರುಗಳಲ್ಲೂ ಹುಡುಕಿದ ಮೇಲೆಯೇ ಸೂಚಿ ಬಾಯಿಬಿಟ್ಟಿತು.

ದಾರಿ ತಿರುಗಿದ್ದು ಲಿನನ್ ಹಾಲ್ ಗ್ರಂಥಾಲಯದಲ್ಲಿ. 1788ರಲ್ಲಿ ಶುರುವಾದ ಸಂಸ್ಥೆ. 1968ರಲ್ಲಿ ಅಲ್ಲಿನ ಗ್ರಂಥಪಾಲಕ ಜಿಮ್ಮಿ ವಿಟ್ಟಿ ಅವರ ಕೈಗೆ ಪಬ್ಬಿನಲ್ಲಿ ಯಾರೋ ನಾಗರಿಕ ಹಕ್ಕುಗಳ ಕರಪತ್ರವೊಂದನ್ನು ತುರುಕಿದರಂತೆ; ಅವರು ಎಸೆಯದೆ ಇಟ್ಟುಕೊಂಡರು. ಅಲ್ಲಿಂದ ಬೆಳೆದ ರಾಜಕೀಯ ಸಂಗ್ರಹದಲ್ಲಿ ಈಗ ಎರಡೂವರೆ ಲಕ್ಷಕ್ಕೂ ಹೆಚ್ಚು ವಸ್ತುಗಳಿವೆ. ಎಲ್ಲ ಬಣಗಳ ಕಾಗದವೂ ಅಲ್ಲಿ ಒಂದೇ ಸೂರಿನಡಿ ಇರುವುದರಿಂದ, ಒಬ್ಬರ ಕಿರುಹೊತ್ತಗೆಯನ್ನು ಇನ್ನೊಬ್ಬರ ಕರಪತ್ರದ ಪಕ್ಕದಲ್ಲಿಟ್ಟು ಓದಬಹುದು.

ಹಾಗೆ ಓದುತ್ತ ಒಂದು ಪಟ್ಟಿ ಮಾಡಿದೆ. ಎಡಕ್ಕೆ ನ್ಯೂ ಅಲ್‌ಸ್ಟರ್ ಮೂವ್‌ಮೆಂಟಿನವರು ಕೇಳಿದ್ದು, ಬಲಕ್ಕೆ ಸರ್ಕಾರ ಮಾಡಿದ್ದು, ಎರಡಕ್ಕೂ ತಾರೀಖು. ಮನೆ ಹಂಚಿಕೆಯನ್ನೇ ನೋಡಿ. ಆಗ ಸ್ಥಳೀಯ ಚುನಾವಣೆಯಲ್ಲಿ ಮತ ಮನೆಗೆ ಅಂಟಿಕೊಂಡಿತ್ತು; ಮನೆಯ ಒಡೆತನವೋ ಬಾಡಿಗೆ ಹಕ್ಕೋ ಇದ್ದವರಿಗೆ, ಅವರ ಸಂಗಾತಿಗೆ ಮತವಿತ್ತು. ಅಪ್ಪನ ಮನೆಯಲ್ಲೇ ಉಳಿದ ದೊಡ್ಡ ಮಕ್ಕಳಿಗೆ ಇರಲಿಲ್ಲ. ಆದ್ದರಿಂದ ಸ್ಥಳೀಯ ಆಡಳಿತವಾದ ಕೌನ್ಸಿಲ್ ಯಾರಿಗೆ ಮನೆ ಕೊಡುತ್ತದೆ ಎನ್ನುವುದೇ ಯಾರಿಗೆ ಮತ ಕೊಡುತ್ತದೆ ಎಂಬುದೂ ಆಗಿತ್ತು. ಮನೆಗಳನ್ನು ಕೌನ್ಸಿಲ್‌ಗಳ ಕೈಯಿಂದ ತೆಗೆದು ಒಂದೇ ಕೇಂದ್ರ ಸಂಸ್ಥೆಗೆ ಕೊಡಿ ಎಂದು ಮೊದಲು ಕೇಳಿದವರಲ್ಲಿ ನ್ಯೂ ಅಲ್‌ಸ್ಟರ್ ಮೂವ್‌ಮೆಂಟ್ ಸೇರಿತ್ತು. ಆ ಕೇಂದ್ರ ಸಂಸ್ಥೆ, ಹೌಸಿಂಗ್ ಎಕ್ಸಿಕ್ಯೂಟಿವ್, ಬಂದದ್ದು 1971ರಲ್ಲಿ. ಅದೇ ವರ್ಷ ಇವರು ಉತ್ತರ ಐರ್ಲೆಂಡಿನದೇ ಸಂಸತ್ತಾದ ಸ್ಟಾರ್ಮಾಂಟನ್ನೇ ತೆಗೆಯಿರಿ ಎಂದರು. ಲಂಡನ್ ಅದನ್ನು ಅಮಾನತಿನಲ್ಲಿಟ್ಟದ್ದು 1972ರ ಮಾರ್ಚಿನಲ್ಲಿ. ಆ ಹೊತ್ತಿನಲ್ಲೇ 1971ರ ಆಗಸ್ಟ್ 9ರ ವಿಚಾರಣೆಯಿಲ್ಲದ ಬಂಧನಗಳು, 1972ರ ಜನವರಿ 30ರಂದು ಡೆರಿಯಲ್ಲಿ ಸೈನಿಕರ ಗುಂಡಿಗೆ ಬಿದ್ದ 13 ಹೆಣಗಳು.

ಪಟ್ಟಿಯಲ್ಲಿ ಎಡಗಡೆಯ ತಾರೀಖು ಮತ್ತೆ ಮತ್ತೆ ಮೊದಲು ಬರುತ್ತಿತ್ತು. ಇವರು ಮಂದವಾಗಿ ನಡೆದವರಲ್ಲ, ಮೆಲ್ಲಗೆ ಮಾತಾಡಿದವರು. ಪೆನ್ಸಿಲ್ಲಿನಲ್ಲಿ ಬರೆದದ್ದು ಒಳ್ಳೆಯದೇ ಆಯಿತು, ಮೊದಲ ಪುಟದ ಶೀರ್ಷಿಕೆಯನ್ನು ರಬ್ಬರಿನಿಂದ ಅಳಿಸಿದೆ. ‘ಸೌಮ್ಯವಾದಿ’ ಎಂದು ಬರೆದೆ; ಅದೂ ಒಪ್ಪಿಗೆಯಾಗಲಿಲ್ಲ.

ಸದಸ್ಯರಲ್ಲಿ ಕೆಲವರು 1970ರ ಏಪ್ರಿಲಿನಲ್ಲಿ ಅಲಯನ್ಸ್ ಪಕ್ಷ ಕಟ್ಟಿದರು, ಅದು ಇಂದಿಗೂ ಇದೆ. ಮೂಲ ಸಂಘಟನೆ 1978ರಲ್ಲಿ ಮುಗಿಯಿತು. ಪಕ್ಷ ಹುಟ್ಟಿದ ಮೇಲೂ ಎಂಟು ವರ್ಷ ಅದನ್ನು ಹಿಡಿದುಕೊಂಡು ಕುಳಿತವರು ಯಾಕೆ ಕುಳಿತರು ಎಂಬುದು ಈಗ ನನ್ನನ್ನು ಕಾಡುತ್ತಿದೆ. ಉತ್ತರ ಇದ್ದರೆ ನಾನು ಆಕಳಿಸಿದ ಆ ನಡಾವಳಿಗಳಲ್ಲೇ ಇರಬೇಕು. ಈ ಸಲ ಕಡತ ಸಂಖ್ಯೆ ಬರೆದುಕೊಳ್ಳುತ್ತೇನೆ.