ಹಳೇ ಕಲ್ಲಿನ ಮನೆಯ ಹೊರಗೋಡೆಗೆ ಹೊಸ ಗಾರೆ ಹಾಕೋದು ಹೇಗೆ?

ಹಳೇ ಕಲ್ಲಿನ ಮನೆಯ ಹೊರಗೋಡೆ ಪ್ಲಾಸ್ಟರ್ ಉಬ್ಬಿ ಉದುರೋಕೆ ಶುರುವಾದ್ರೆ ತುಂಬಾ ಜನ ಸಿಮೆಂಟ್ ಕಲಸಿ ತೇಪೆ ಹಾಕಿ ಮೇಲೆ ವಾಟರ್‌ಪ್ರೂಫ್ ಪೇಂಟ್ ಬಳಿದುಬಿಡ್ತಾರೆ. ದಯವಿಟ್ಟು ಹಾಗೆ ಮಾಡ್ಬೇಡಿ. ಆ ಗೋಡೆಗಳಲ್ಲಿ ಕಲ್ಲಿನ ಮಧ್ಯೆ ಇರೋದು ಮಣ್ಣು ಇಲ್ಲಾ ಸುಣ್ಣದ ಗಾರೆ, ಮಳೆ ಬಂದಾಗ ಸ್ವಲ್ಪ ನೀರು ಕುಡಿದು ಬಿಸಿಲು ಬಂದಾಗ ಸಂದುಗಳಿಂದ ಹೊರಗೆ ಬಿಡುತ್ತೆ. ಸಿಮೆಂಟ್ ಆ ದಾರಿನೇ ಮುಚ್ಚುತ್ತೆ. ನಾನೊಮ್ಮೆ ಹಳೇ ಸಿಮೆಂಟ್ ಚಕ್ಕೆ ಎಬ್ಬಿಸಿದಾಗ ಮುಂಭಾಗ ಬಿಸಿಲಿಗೆ ಕಾದು ಒಣಗಿತ್ತು, ತಿರುಗಿಸಿ ಹಿಂಭಾಗ ಮುಟ್ಟಿದ್ರೆ ಬೆರಳಿಗೆ ನೀರು ಹತ್ತಿತು, ಅದರ ಹಿಂದಿನ ಗಾರೆ ಉಗುರಲ್ಲಿ ಕೆರೆದ್ರೆ ಸಾಕು ಮರಳಾಗಿ ಸುರೀತಿತ್ತು.

ಅದಕ್ಕೇ ಮೊದಲು ನೀರು ಎಲ್ಲಿಂದ ಬರ್ತಿದೆ ನೋಡಿ. ಸೂರಿನ ದೋಣಿ ಸೋರ್ತಿದ್ಯಾ, ಪೈಪ್ ಒಡೆದಿದ್ಯಾ, ಗೋಡೆ ಬುಡಕ್ಕೆ ಮಣ್ಣು ಏರಿ ಕೂತಿದ್ಯಾ. ಇದನ್ನ ಸರಿಮಾಡಿ, ಗೋಡೆ ಒಣಗಕ್ಕೆ ಟೈಮ್ ಕೊಡಿ.

ಆಮೇಲೆ ಸುತ್ತಿಗೆ ಹಿಡಿಯಿಂದ ಗೋಡೆ ಪೂರ್ತಿ ತಟ್ತಾ ಹೋಗಿ, ಡಬ್ ಡಬ್ ಅಂದ್ರೆ ಒಳಗೆ ಬಿಟ್ಕೊಂಡಿದೆ, ಸೀಮೆಸುಣ್ಣದಲ್ಲಿ ಗುರುತು ಮಾಡಿ. ಗಟ್ಟಿಯಾಗಿರೋ ಹಳೇ ಸುಣ್ಣದ ಗಾರೆನ ಕೀಳ್ಬೇಡಿ. ಸಿಮೆಂಟ್ ತೆಗೆಯೋಕೆ ಉಳಿ ಸುತ್ತಿಗೆನೇ ಸಾಕು, ಬ್ರೇಕರ್ ಮಷೀನ್ ಹಾಕಿದ್ರೆ ಒಳಗಿನ ಕಲ್ಲೇ ಸಡಿಲ ಆಗುತ್ತೆ. ಸಿಮೆಂಟ್ ಜೊತೆ ಕಲ್ಲಿನ ಮುಖನೂ ಎದ್ದು ಬರ್ತಿದ್ರೆ ಅಷ್ಟು ಜಾಗ ಬಿಟ್ಬಿಡಿ. ಸಡಿಲ ಸಂದುಗಳನ್ನ 2 ಸೆಂ.ಮೀ. ಆಳಕ್ಕೆ ಕೆರೆದು, ಬ್ರಷ್ ಹೊಡೆದು, ದೊಡ್ಡ ಹಳ್ಳಗಳಿಗೆ ಕಲ್ಲಿನ ಚೂರು ಸೇರಿಸಿ ಗಾರೆ ತುಂಬಿ.

ಮಿಶ್ರಣ 1 ಪಾಲು ಸುಣ್ಣಕ್ಕೆ ಸುಮಾರು 3 ಪಾಲು ಮರಳು. ಮರಳು ತೊಳೆದಿರ್ಬೇಕು, ದಪ್ಪ ಸಣ್ಣ ಎರಡೂ ಕಾಳು ಬೆರೆತು ಕೈಗೆ ಚುಚ್ಚೋ ಹಾಗಿರ್ಬೇಕು. ಉಪ್ಪಿರೋ ಸಮುದ್ರದ ಮರಳು ಬೇಡ್ವೇ ಬೇಡ. ಸುಣ್ಣದಲ್ಲಿ ಎರಡು ಬಗೆ: ಹೈಡ್ರಾಲಿಕ್ ಸುಣ್ಣ ನೀರು ಬೆರೆತ್ರೆನೇ ಗಟ್ಟಿಯಾಗಕ್ಕೆ ಶುರು ಮಾಡುತ್ತೆ, ಕೊಳೆಹಾಕಿದ ಸುಣ್ಣ (ಅರಳಿಸಿ ನೀರಲ್ಲೇ ಬಿಟ್ಟು ಹದ ಮಾಡಿದ್ದು) ಗಾಳಿಯಲ್ಲಿರೋ ಇಂಗಾಲದ ಡೈಆಕ್ಸೈಡ್ ಹೀರ್ಕೊಂಡು ನಿಧಾನಕ್ಕೆ ಮತ್ತೆ ಕಲ್ಲಾಗುತ್ತೆ. ಈ ಕೊಳೆಹಾಕಿದ ಸುಣ್ಣಕ್ಕೆ ಇಟ್ಟಿಗೆ ಪುಡಿ ಬೆರೆಸಿದ್ರೆ ಬೇಗ ಗಟ್ಟಿಯಾಗುತ್ತೆ. ಸುಟ್ಟ ಸುಣ್ಣ ನೀವೇ ಅರಳಿಸೋದಾದ್ರೆ ನೀರಿಗೆ ಸುಣ್ಣ ಹಾಕಿ, ಸುಣ್ಣದ ಮೇಲೆ ನೀರು ಸುರೀಬೇಡಿ, ಕುದ್ದು ಮೇಲೆ ಹಾರುತ್ತೆ. ಕಣ್ಣಿಗೆ ಕನ್ನಡಕ, ಕೈಗೆ ಗ್ಲೌಸ್ ಇಲ್ಲದೆ ಸುಣ್ಣದ ಹತ್ರ ಹೋಗ್ಲೇಬೇಡಿ.

ಗೋಡೆ ಚೆನ್ನಾಗಿ ನೆನೆಸಿ, ಆದ್ರೆ ನೀರು ಹರೀತಿರಬಾರದು. ಮೊದಲ ಕೋಟ್ ಸುಮಾರು 10 ಮಿ.ಮೀ., ಕರಣೆಯಿಂದ ಜೋರಾಗಿ ಎರಚಿ ಕೂರಿಸಿದ್ರೆ ಕಲ್ಲಿಗೆ ಕಚ್ಕೊಳ್ಳುತ್ತೆ. ಸ್ವಲ್ಪ ಬಿಗಿಯಾದ್ಮೇಲೆ ಮೇಲ್ಮೈಗೆ ಅಡ್ಡಡ್ಡ ಗೀರು ಹಾಕಿ, ಮುಂದಿನ ಕೋಟ್‌ಗೆ ಹಿಡಿತ ಸಿಗ್ಲಿ. ಇಲ್ಲಿ ಅವಸರ ಮಾಡ್ಬೇಡಿ. ನಾನು ಮಾರನೇ ದಿನವೇ ಎರಡನೇ ಕೋಟ್ ಎಳೆದು ಇಡೀ ಗೋಡೆಗೆ ಜೇಡರ ಬಲೆ ಥರ ಬಿರುಕು ಬರಿಸಿ, ಎರಡೂ ಕೋಟ್ ಕಿತ್ತು ಮತ್ತೆ ಮಾಡಿದ್ದೀನಿ, ಅದಕ್ಕೇ ಹೇಳ್ತಿರೋದು. ಹೆಬ್ಬೆರಳು ಒತ್ತಿದ್ರೆ ತಗ್ಗು ಬೀಳಬಾರದು, ಉಗುರಿಗೆ ಮಾತ್ರ ಸಣ್ಣ ಗೀರು ಬರ್ಬೇಕು, ಆಗ ಮುಂದಿನದು. ಎರಡನೇ ಕೋಟ್‌ನಲ್ಲಿ ಕೂದಲೆಳೆ ಬಿರುಕು ಕಂಡ್ರೆ ಹಸಿಯಿರುವಾಗ್ಲೇ ಮರದ ಹಲಗೆಯಿಂದ ಒತ್ತಿ ತಿಕ್ಕಿ ಮುಚ್ಚಿ. ಗಾರೆನ ನೆಲದವರೆಗೂ ಎಳೀಬೇಡಿ, ಒಂದು ಗೇಣು ಮೇಲೆ ನಿಲ್ಲಿಸಿ, ಇಲ್ಲಾಂದ್ರೆ ನೆಲದ ನೀರು ಹತ್ಕೊಳ್ಳುತ್ತೆ.

ಸುಡು ಬಿಸಿಲಲ್ಲಿ, ಮಳೆಯಲ್ಲಿ, 5 ಡಿಗ್ರಿಗಿಂತ ಕಮ್ಮಿ ಚಳಿಯಲ್ಲಿ ಈ ಕೆಲಸ ಮಾಡಬಾರದು. ಒದ್ದೆ ಗೋಣಿಚೀಲ ಇಳಿಬಿಟ್ಟು ವಾರವಾದ್ರೂ ತೇವ ಕಾಪಾಡಿ.

ಕೊನೇಗೆ ಸುಣ್ಣ ಬಳಿಯೋದು. ಹಾಲಿನಷ್ಟು ತೆಳು ಮಾಡಿ, ಗೋಡೆ ನೆನೆಸಿ, 4-5 ಕೋಟ್ ಹೊಡೀರಿ. ಬಳಿದಾಗ ಬರೀ ನೀರು ಬಳಿದ ಹಾಗೆ ಕಾಣುತ್ತೆ, ಕಾಣಿಸ್ಲಿಲ್ಲ ಅಂತ ದಪ್ಪ ಮಾಡಿದ್ರೆ ಚಕ್ಕೆ ಏಳುತ್ತೆ. ಒಣಗ್ತಾ ಒಣಗ್ತಾ ತಾನೇ ಬೆಳ್ಳಗಾಗುತ್ತೆ. ಮುಂದೆ ಯಾವಾಗ್ಲಾದ್ರೂ ಮಾಸಿದ್ರೆ ಹಳೇದು ಕೆರೆಯೋದೂ ಬೇಡ, ಧೂಳು ಒರೆಸಿ, ನೆನೆಸಿ, ಅದರ ಮೇಲೇ ಇನ್ನೊಂದು ಕೋಟ್.