ಓಣಿಯ ತೊಂದರೆಯನ್ನು ಬೀಟ್ ಪೊಲೀಸರಿಗೆ ಮುಟ್ಟಿಸುವುದು ಹೇಗೆ?

ಬಳ್ಳಾರಿಯಲ್ಲಿ ಜೀನ್ಸ್ ಹೊಲಿಗೆ ಮುಗಿಸಿ ರಾತ್ರಿ ಒಂಬತ್ತಕ್ಕೆ ಮನೆಗೆ ಬರುವ ಹೆಣ್ಣುಮಗಳನ್ನು ಓಣಿಯ ತೊಂದರೆ ಏನೆಂದು ಕೇಳಿ ನೋಡಿ. ಆಕೆ ಕಳ್ಳತನದ ಮಾತು ಎತ್ತದಿರಬಹುದು. ದೀಪ ಕೆಟ್ಟ ಕಂಬ, ಅದರ ಬುಡದಲ್ಲಿ ಕುಡಿಯಲು ಕೂರುವವರು, ಅವರನ್ನು ತಪ್ಪಿಸಲು ತಾನು ಸುತ್ತಿ ಬರುವ ದಾರಿ, ಇವನ್ನು ಹೇಳುತ್ತಾಳೆ. ದೂರು ಕೊಡದ ಮೇಲೆ ಇದು ಠಾಣೆಯ ದಾಖಲೆಗೆ ಹೇಗೆ ಬರಬೇಕು?

ಮೊದಲು ನಿಮ್ಮ ಬೀಟ್ ಯಾರದೆಂದು ತಿಳಿಯಿರಿ. ಠಾಣೆಯ ಸರಹದ್ದನ್ನು ಬೀಟ್‌ಗಳಾಗಿ ಹಂಚಿ, ಒಂದೊಂದನ್ನೂ ಸಿಬ್ಬಂದಿಗೆ ವಹಿಸಿರುತ್ತಾರೆ. ಠಾಣೆಗೆ ಹೋಗಿ ಓಣಿಯ ಹೆಸರು ಹೇಳಿ ವಿಚಾರಿಸಿದರೆ ಸಾಕು.

ಮುಂದಿನದೇ ಮುಖ್ಯ ಕೆಲಸ: ಓಣಿಯ ತೊಂದರೆಗಳ ಪಟ್ಟಿ. ಕಟ್ಟೆಯ ಮೇಲಿನ ಹಿರಿಯರನ್ನಷ್ಟೇ ಕೇಳಿ ಬರೆಯಬೇಡಿ. ಹೆಣ್ಣುಮಕ್ಕಳು ಗಂಡಸರ ನಡುವೆ ಬಾಯಿ ಬಿಡುವುದಿಲ್ಲ. ಅವರನ್ನು ಬೇರೆಯಾಗಿ, ನಳದ ಬಳಿಯೋ ಮನೆಯಂಗಳದಲ್ಲೋ ಮಾತನಾಡಿಸಿ. ಬಾಡಿಗೆಗಿರುವವರನ್ನೂ ಬಿಡಬೇಡಿ. 'ಪುಂಡರ ಕಾಟ ಹೆಚ್ಚಾಗಿದೆ' ಎಂದು ಬರೆದರೆ ಪೊಲೀಸರಿಗೆ ಏನೂ ಸಿಗುವುದಿಲ್ಲ. 'ಟ್ರಾನ್ಸ್‌ಫಾರ್ಮರ್ ಪಕ್ಕದ ಮುಚ್ಚಿದ ಅಂಗಡಿಯ ಕಟ್ಟೆ, ಶನಿವಾರ ಮತ್ತು ಭಾನುವಾರ, ರಾತ್ರಿ 8.30ರಿಂದ 10' ಎಂದು ಬರೆದರೆ ಗಸ್ತು ಅದೇ ಹೊತ್ತಿಗೆ ಅಲ್ಲಿಗೆ ಬರಬಹುದು. ಏನು ನಡೆಯಿತೋ ಅದನ್ನೇ ಬರೆಯಿರಿ. ಒಂದು ಕೇರಿಯವರ ಮೇಲೋ ದುಡಿಯಲು ಬಂದ ಹೊರಊರಿನವರ ಮೇಲೋ ಗುಮಾನಿ ಬರೆಯುವುದು ಅನ್ಯಾಯ. ಅದರಿಂದ ಓಣಿಯೇ ಒಡೆಯುತ್ತದೆ.

ಪಟ್ಟಿಯಲ್ಲಿರುವುದೆಲ್ಲ ಪೊಲೀಸರ ಕೆಲಸವಲ್ಲ. ಬೀದಿದೀಪ, ಕಸ, ತೆರೆದ ಚರಂಡಿ ಪಾಲಿಕೆಗೆ ಸೇರಿದವು. ಕಂಬದ ಮೇಲೆ ಸಂಖ್ಯೆ ಇದ್ದರೆ ಅದನ್ನೂ ಅರ್ಜಿಯಲ್ಲಿ ಬರೆಯಿರಿ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕಕ್ಕೆ ನಿರ್ಬಂಧವಿದೆ. ಅದನ್ನು ಪೊಲೀಸರಿಗೇ ಹೇಳಬೇಕು. ಹೊಡೆದಾಟವೋ ಕಿರುಕುಳವೋ ಕಣ್ಣೆದುರು ನಡೆಯುತ್ತಿದ್ದರೆ ಪಟ್ಟಿ, ಸಭೆ ಎಂದು ಕಾಯದೆ 112ಕ್ಕೆ ಕರೆ ಮಾಡಿ.

ಬೀಟ್ ಸಿಬ್ಬಂದಿಯನ್ನು ಓಣಿಗೇ ಕರೆಯಿರಿ, ಅದೂ ದುಡಿಯುವವರು ಮನೆ ಸೇರಿದ ಮೇಲೆ. ಕುಳಿತು ಮಾತನಾಡುವ ಮುನ್ನ ಆ ಕತ್ತಲೆ ದಾರಿಯಲ್ಲಿ ಒಂದು ಸುತ್ತು ಜೊತೆಯಾಗಿ ನಡೆಯಿರಿ. ಪಟ್ಟಿಯನ್ನು ಮನವಿಯಾಗಿ ಬರೆದು ಎರಡು ಪ್ರತಿ ಠಾಣೆಗೆ ಒಯ್ದು, ಒಂದರ ಮೇಲೆ ಸ್ವೀಕೃತಿಯ ಸಹಿ, ಮೊಹರು ಪಡೆಯಿರಿ. ಅಪರಾಧದ ದೂರು ಕೊಟ್ಟು ಎಫ್‌ಐಆರ್ ದಾಖಲಾದರೆ ಅದರ ಪ್ರತಿ ದೂರುದಾರರಿಗೆ ಉಚಿತವಾಗಿ ಸಿಗಬೇಕು, ಕೇಳಿ ಪಡೆಯಿರಿ.

ತಿಂಗಳಾದ ಮೇಲೆ ಅದೇ ಪಟ್ಟಿ ಹಿಡಿದು ಅದೇ ಹೊತ್ತಿಗೆ ಮತ್ತೆ ನಡೆಯಿರಿ. ಆ ಹೆಣ್ಣುಮಗಳು ಈಗ ಯಾವ ದಾರಿಯಲ್ಲಿ ಬರುತ್ತಿದ್ದಾಳೆ ಎಂದು ಆಕೆಯನ್ನೇ ಕೇಳಿ.